ಕಚೇರಿ ಕಟ್ಟಡಗಳಲ್ಲಿ ಜಾಲ ಗಡಿಯಾರಗಳು: ಈಥರ್‌ನೆಟ್ ತಂತಿಯಿಂದಲೇ ವಿದ್ಯುತ್ ಪಡೆಯುವ ಗಡಿಯಾರಗಳಿಗಾಗಿ ಕಟ್ಟಡವನ್ನು ಸಿದ್ಧಪಡಿಸುವ ಕುರಿತು ಸಾರ್ವಜನಿಕ ಮಾಹಿತಿ

ಸರ್ಕಾರಿ ಕಚೇರಿಗಳಿಗೆ ವಿವಿಧ ಸೇವೆಗಳನ್ನು ಕೋರಿ ಬರುವ ಸಾರ್ವಜನಿಕರು ಆಗಾಗ್ಗೆ ಕೇಳುವ ಒಂದು ಪ್ರಶ್ನೆ ಇದೆ. ಕೌಂಟರಿನ ಮೇಲಿನ ಗಡಿಯಾರವು ಒಂದು ಸಮಯವನ್ನು ತೋರಿಸುತ್ತದೆ, ಸ್ವೀಕೃತಿ ಚೀಟಿಯಲ್ಲಿ ಮತ್ತೊಂದು ಸಮಯ ಮುದ್ರಿತವಾಗುತ್ತದೆ, ಕೈಯಲ್ಲಿರುವ ಮೊಬೈಲ್ ಮೂರನೆಯದನ್ನು ಹೇಳುತ್ತದೆ. ಇವುಗಳಲ್ಲಿ ಯಾವುದು ಸರಿ? ಈ ವ್ಯತ್ಯಾಸವನ್ನು ನಿವಾರಿಸುವ ಸಲುವಾಗಿ ಕಟ್ಟಡಗಳಲ್ಲಿ ಅಳವಡಿಸಲಾಗುವ ಜಾಲ ಗಡಿಯಾರಗಳ ಬಗ್ಗೆಯೂ, ಅವುಗಳಿಗೆ ಬೇಕಾದ ತಂತಿ, ವಿದ್ಯುತ್ ಮತ್ತು ಸಮಯದ ಮೂಲವನ್ನು ಮುಂಚಿತವಾಗಿ ಯೋಜಿಸಬೇಕಾದ ಕ್ರಮದ ಬಗ್ಗೆಯೂ ಈ ಪುಟದಲ್ಲಿ ವಿವರಿಸಲಾಗಿದೆ. ಸ್ವಂತ ಕಟ್ಟಡ ನಿರ್ಮಿಸುತ್ತಿರುವ ಸಹಕಾರ ಸಂಘಗಳು, ಶಾಲಾ ಆಡಳಿತ ಮಂಡಳಿಗಳು ಮತ್ತು ಗ್ರಾಮ ಪಂಚಾಯಿತಿಗಳಿಗೂ ಈ ಮಾಹಿತಿಯು ಉಪಯುಕ್ತವಾಗಬಹುದು.

ಸಮಯದ ನಮೂದು ಏಕೆ ಮುಖ್ಯ?

ಬಹುತೇಕ ಸೇವೆಗಳಲ್ಲಿ ಗಡುವನ್ನು ದಿನಗಳ ಲೆಕ್ಕದಲ್ಲಿ ಎಣಿಸಲಾಗುತ್ತದೆ. ಸಕಾಲ ಎಂದು ಪರಿಚಿತವಾಗಿರುವ 2011ರ ನಾಗರಿಕ ಸೇವಾ ಖಾತರಿ ಕಾನೂನಿನ ಅನ್ವಯ, ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅರ್ಜಿದಾರರು ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಪಡೆಯಲು ಅವಕಾಶವಿದೆ. ಸಂಜೆ ಕೌಂಟರ್ ಮುಚ್ಚುವ ವೇಳೆಗೆ ಬಂದ ಅರ್ಜಿಯು ಈ ದಿನದ ಲೆಕ್ಕಕ್ಕೆ ಸೇರುತ್ತದೆಯೋ ಮರುದಿನದ ಲೆಕ್ಕಕ್ಕೋ ಎಂಬುದು ಕೆಲವೇ ನಿಮಿಷಗಳ ಮೇಲೆ ನಿಂತಿರುತ್ತದೆ.

ಕೆಲವು ಕಾನೂನುಗಳಲ್ಲಿ ಗಂಟೆಯೇ ಮುಖ್ಯವಾಗುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 7ರಂತೆ ಸಾಮಾನ್ಯ ಮಾಹಿತಿಗೆ 30 ದಿನಗಳ ಕಾಲಾವಕಾಶವಿದ್ದರೂ, ಕೋರಿದ ಮಾಹಿತಿಯು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದಲ್ಲಿ ಕೋರಿಕೆ ತಲುಪಿದ 48 ಗಂಟೆಗಳೊಳಗೆ ಅದನ್ನು ಒದಗಿಸಬೇಕು. ಸೋಮವಾರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಅಂತಹ ಕೋರಿಕೆ ಸ್ವೀಕೃತವಾಗಿದ್ದರೆ ಬುಧವಾರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಅವಧಿ ಮುಗಿಯಿತು. ಬಂಧನದಲ್ಲಿರುವವರ ಕುಟುಂಬದವರಿಗೆ ಈ ಗಂಟೆಗಳ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅದೇ ರೀತಿ ನೋಂದಣಿ ಅಧಿನಿಯಮ, 1908ರ ಪ್ರಕರಣ 52ರ ಅನ್ವಯ, ನೋಂದಣಿಗಾಗಿ ಹಾಜರುಪಡಿಸಿದ ಪ್ರತಿಯೊಂದು ದಸ್ತಾವೇಜಿನ ಮೇಲೆ ಹಾಜರುಪಡಿಸಿದ ದಿನ, ಗಂಟೆ ಮತ್ತು ಸ್ಥಳವನ್ನು ಆಗಲೇ ಹಿಂಬರಹವಾಗಿ ನಮೂದಿಸಬೇಕು.

ಆನ್‌ಲೈನ್ ಅರ್ಜಿಗಳ ಸಂಗತಿ ಸ್ವಲ್ಪ ಬೇರೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 13ರಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಗೊತ್ತುಪಡಿಸಿದ ಕಂಪ್ಯೂಟರ್ ಸಂಪನ್ಮೂಲವನ್ನು ಪ್ರವೇಶಿಸಿದ ಸಮಯವೇ ಅದರ ಸ್ವೀಕಾರದ ಸಮಯ. ಅರ್ಜಿದಾರರು ಗುಂಡಿ ಒತ್ತಿದ ಕ್ಷಣವಾಗಲಿ, ಅವರ ಮನೆಯ ಗಡಿಯಾರವಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಟೆಂಡರ್ ಸಲ್ಲಿಸುವವರು ಕೊನೆಯ ಐದು ನಿಮಿಷಗಳನ್ನು ನಂಬಿಕೊಳ್ಳಬಾರದೆಂದು ಹೇಳುವುದು ಈ ಕಾರಣಕ್ಕಾಗಿಯೇ.

ಹೀಗೆ ನೋಡಿದರೆ ಗೋಡೆಯ ಗಡಿಯಾರಕ್ಕೆ ಕಾನೂನಿನಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆದರೆ ಸಭಾಂಗಣದಲ್ಲಿ ಕಾಯುತ್ತಿರುವ ನೂರು ಜನರು ನೋಡುವುದು ಅದನ್ನೇ. ಅದನ್ನು ನೋಡಿಯೇ ಅವರು ಊಟಕ್ಕೆ ಹೋಗುತ್ತಾರೆ, ಬಸ್ಸಿಗೆ ಹೊರಡುತ್ತಾರೆ, ಇಲ್ಲವೇ ಕೌಂಟರ್ ಮುಚ್ಚಿತೆಂದು ಹಿಂದಿರುಗುತ್ತಾರೆ. ಆದ್ದರಿಂದ ಸ್ವೀಕೃತಿ ಚೀಟಿ ಮುದ್ರಿಸುವ ಕಂಪ್ಯೂಟರ್ ಮತ್ತು ಗೋಡೆಯ ಗಡಿಯಾರ ಎರಡೂ ಒಂದೇ ಮೂಲದಿಂದ ಸಮಯ ಪಡೆಯುವುದು ಅವಶ್ಯಕ.

ಜಾಲ ಗಡಿಯಾರ ಎಂದರೇನು?

ಸಾಧಾರಣ ಗೋಡೆ ಗಡಿಯಾರದಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವೊಂದಿರುತ್ತದೆ. ಅದರ ವೇಗದಲ್ಲಿ ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸವಿದ್ದರೂ ದಿನಕ್ಕೆ ಸುಮಾರು 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷಕ್ಕೂ ಮೇಲ್ಪಟ್ಟು ಅಂತರ ಬೀಳುತ್ತದೆ. ಬ್ಯಾಟರಿ ಕ್ಷೀಣಿಸಿದ ಮೇಲೆ ಹೇಳುವುದೇ ಬೇಡ. ಜಾಲ ಗಡಿಯಾರವು ಇದೇ ಬಗೆಯ ಸ್ಫಟಿಕವನ್ನು ಹೊಂದಿದ್ದರೂ, ನಿಗದಿತ ಅವಧಿಗೊಮ್ಮೆ ಎನ್‌ಟಿಪಿ ಎಂಬ ವಿಧಾನದ ಮೂಲಕ ಸಮಯ ಸರ್ವರ್ ಒಂದನ್ನು ವಿಚಾರಿಸಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಈ ವಿಧಾನವು 1985ರಿಂದ ಬಳಕೆಯಲ್ಲಿದ್ದು, ಅದರ ನಾಲ್ಕನೆಯ ಆವೃತ್ತಿಯ ವಿವರಣೆಯು 2010ರಲ್ಲಿ ಪ್ರಕಟವಾಗಿದೆ.

ಇಂತಹ ಗಡಿಯಾರಕ್ಕೆ ಎರಡು ಸಂಗತಿಗಳು ಬೇಕು: ವಿದ್ಯುತ್ ಮತ್ತು ಸಮಯ. ಎರಡನ್ನೂ ಒಂದೇ ಈಥರ್‌ನೆಟ್ ತಂತಿಯಲ್ಲಿ ಕಳುಹಿಸುವ ವ್ಯವಸ್ಥೆಗೆ ಪವರ್ ಓವರ್ ಈಥರ್‌ನೆಟ್ ಎನ್ನಲಾಗುತ್ತದೆ. ಗಡಿಯಾರದ ಪಕ್ಕದಲ್ಲಿ 230 ವೋಲ್ಟ್‌ನ ಪ್ಲಗ್ ಪಾಯಿಂಟ್ ಬೇಕಾಗಿಲ್ಲ, ಏಣಿ ಹತ್ತಿ ಬ್ಯಾಟರಿ ಬದಲಾಯಿಸುವ ಕೆಲಸವೂ ಇಲ್ಲ. ತಂತಿಯಲ್ಲಿ ಹರಿಯುವುದು 48 ವೋಲ್ಟ್ ಆಸುಪಾಸಿನ ನೇರ ವಿದ್ಯುತ್. ತಂತಿಯ ಮತ್ತೊಂದು ತುದಿಯಲ್ಲಿರುವ ಉಪಕರಣವು ಇಂತಹ ವಿದ್ಯುತ್ತನ್ನು ಸ್ವೀಕರಿಸತಕ್ಕದ್ದೇ ಎಂಬುದನ್ನು ಸ್ವಿಚ್ ಮೊದಲು ಪರೀಕ್ಷಿಸಿ ನಂತರವಷ್ಟೇ ವಿದ್ಯುತ್ ನೀಡುತ್ತದೆ. ಆದಕಾರಣ ಅದೇ ತಂತಿಗೆ ಅಕಸ್ಮಾತ್ ಸಾಮಾನ್ಯ ಕಂಪ್ಯೂಟರನ್ನು ಜೋಡಿಸಿದರೂ ಹಾನಿಯಾಗುವುದಿಲ್ಲ. ಈ ಪರೀಕ್ಷೆಯನ್ನೇ ಮಾಡದೆ ನೇರವಾಗಿ ವಿದ್ಯುತ್ ಹರಿಸುವ ಅಗ್ಗದ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಅವುಗಳನ್ನು ಸಾರ್ವಜನಿಕ ಕಟ್ಟಡಗಳಲ್ಲಿ ಬಳಸತಕ್ಕದ್ದಲ್ಲ.

ತಂತಿಯ ಅಳತೆ

ಯೋಜನೆಯಲ್ಲಿ ಮೊದಲು ತಪ್ಪುವುದು ತಂತಿಯ ಉದ್ದದ ಲೆಕ್ಕ. ತಾಮ್ರದ ಈಥರ್‌ನೆಟ್ ತಂತಿಗೆ ಒಟ್ಟು 100 ಮೀಟರ್ ಮಿತಿಯಿದೆ. ಇದರಲ್ಲಿ ಗೋಡೆ, ಛಾವಣಿಗಳ ಮೂಲಕ ಸಾಗುವ ಸ್ಥಿರ ತಂತಿಗೆ 90 ಮೀಟರ್, ಎರಡೂ ತುದಿಗಳ ಜೋಡಣಾ ತಂತಿಗಳಿಗೆ 10 ಮೀಟರ್. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಎಲ್ಲವೂ ಮಿತಿಯೊಳಗೇ ಕಾಣುತ್ತದೆ. ಆದರೆ ತಂತಿಯು ಕಾಗೆ ಹಾರಿದಂತೆ ಹೋಗುವುದಿಲ್ಲ.

ಉದಾಹರಣೆಗೆ, ನೆಲ ಅಂತಸ್ತಿನ ಒಂದು ತುದಿಯಲ್ಲಿ ಸ್ವಿಚ್ ಇರುವ ಕೊಠಡಿ, 70 ಮೀಟರ್ ಉದ್ದದ ಪಡಸಾಲೆಯ ಆಚೆ ತುದಿಯಲ್ಲಿ ಟಪಾಲು ಶಾಖೆ ಇದೆ ಎಂದಿಟ್ಟುಕೊಳ್ಳೋಣ. ಸ್ವಿಚ್ಚಿನಿಂದ ಛಾವಣಿಗೆ ಏರಲು 3 ಮೀಟರ್, ಪಡಸಾಲೆಗೆ 70, ನಡುವಿನ ತೆರೆದ ಅಂಗಳವನ್ನು ಸುತ್ತಿ ಬರಲು 14, ಛಾವಣಿಯಿಂದ ಗಡಿಯಾರಕ್ಕೆ ಇಳಿಯಲು 1, ಮುಂದೆ ದುರಸ್ತಿಗೆ ಬೇಕಾಗಬಹುದೆಂದು ಬಿಡುವ ಸುರುಳಿ 3 ಮೀಟರ್. ಒಟ್ಟು 91 ಮೀಟರ್ ಆಯಿತು. 70 ಮೀಟರ್ ಎಂದು ಅಂದಾಜಿಸಿದ್ದು ಮಿತಿಯನ್ನು ದಾಟಿತು. ಹಳೆಯ ಕಲ್ಲು ಕಟ್ಟಡಗಳಲ್ಲಿ ಗೋಡೆಯನ್ನು ಕೊರೆಯಲು ಅನುಮತಿ ಇರದೇ ಹೋದರೆ ಸುತ್ತುದಾರಿ ಇನ್ನಷ್ಟು ಬೆಳೆಯುತ್ತದೆ.

ಇದಕ್ಕೆ ಪರಿಹಾರವೆಂದರೆ ದೂರದ ಭಾಗದಲ್ಲಿ ಅಥವಾ ಪ್ರತಿ ಅಂತಸ್ತಿನಲ್ಲಿ ಒಂದು ಸಣ್ಣ ಸ್ವಿಚ್ ಇರಿಸಿ, ಅದನ್ನು ಮುಖ್ಯ ಕೊಠಡಿಗೆ ಆಪ್ಟಿಕಲ್ ಫೈಬರ್ ಮೂಲಕ ಜೋಡಿಸುವುದು. ಫೈಬರ್ ದೂರ ಸಾಗಬಲ್ಲದು, ಆದರೆ ಗಾಜಿನ ಎಳೆಯಾದ್ದರಿಂದ ಗಡಿಯಾರಕ್ಕೆ ಬೇಕಾದ ಈ ವಿದ್ಯುತ್ತನ್ನು ಅದು ಒಯ್ಯುವುದಿಲ್ಲ. ಆದಕಾರಣ ಆ ಸಣ್ಣ ಸ್ವಿಚ್ಚಿಗೆ ಅಲ್ಲಿಯೇ ವಿದ್ಯುತ್ ಮತ್ತು ಯುಪಿಎಸ್ ಬೇಕೆಂಬುದನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸಬೇಕು. ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ ಹೋಗುವಾಗಲಂತೂ ಫೈಬರನ್ನೇ ಬಳಸುವುದು ಒಳ್ಳೆಯದು. ಬಯಲಿನಲ್ಲಿ ಎಳೆದ ತಾಮ್ರದ ತಂತಿಯು ಸಿಡಿಲಿನ ಆಘಾತವನ್ನು ಎರಡೂ ಕಟ್ಟಡಗಳ ಉಪಕರಣಗಳಿಗೆ ಹಂಚುತ್ತದೆ.

ತಂತಿಯ ಗುಣಮಟ್ಟದ ವಿಷಯದಲ್ಲಿ ರಾಜಿ ಸಲ್ಲದು. ಗಡಿಯಾರಗಳಿಗೆ ಕ್ಯಾಟ್ 5ಇ ತಂತಿ ಸಾಕು. ಹೊಸ ಕಟ್ಟಡವಾದರೆ ಮುಂದಿನ ಉಪಯೋಗಗಳನ್ನು ಗಮನಿಸಿ ಕ್ಯಾಟ್ 6 ಹಾಕಿಸಬಹುದು. ಆದರೆ ಎಳೆಗಳು ಅಪ್ಪಟ ತಾಮ್ರದವೇ ಆಗಿರಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪನ ಮಾಡಿದ ತಂತಿಯು ನೋಡಲು ಹಾಗೆಯೇ ಇದ್ದು ಬೆಲೆ ಕಡಿಮೆಯಿರುತ್ತದೆ. ಅದರ ವಿದ್ಯುತ್ ರೋಧ ಹೆಚ್ಚು, ತಂತಿಯಲ್ಲೇ ವಿದ್ಯುತ್ ನಷ್ಟವಾಗುತ್ತದೆ, ಬಿಸಿಯೂ ಆಗುತ್ತದೆ. ಟೆಂಡರ್ ದಸ್ತಾವೇಜಿನಲ್ಲಿ ಅಪ್ಪಟ ತಾಮ್ರ ಎಂಬ ಪದಗಳನ್ನು ಬರೆಯದೇ ಬಿಟ್ಟಲ್ಲಿ ಕಡಿಮೆ ದರ ನಮೂದಿಸಿದವರನ್ನು ನಂತರ ಪ್ರಶ್ನಿಸುವುದು ಕಷ್ಟ. ಪ್ರತಿಯೊಂದು ತಂತಿಯ ಪರೀಕ್ಷಾ ವರದಿ ಕಡತಕ್ಕೆ ಬಂದ ಮೇಲೆಯೇ ಬಿಲ್ ಪಾವತಿ ಎಂಬ ಷರತ್ತನ್ನೂ ಸೇರಿಸತಕ್ಕದ್ದು.

ಗಡಿಯಾರದ ಜಾಗವನ್ನು ಗಿಲಾವು ಹಾಕುವ ಮೊದಲೇ ಗುರುತಿಸಬೇಕು. ಕಂಪ್ಯೂಟರಿಗೆ ಕೊಡುವಂತೆ ನೆಲದ ಬಳಿಯೇ ಜಾಲದ ಸಾಕೆಟ್ ಕೊಟ್ಟು, ಆಮೇಲೆ ಅಲ್ಲಿಂದ ಗೋಡೆಯ ಮೇಲೆಲ್ಲ ತಂತಿಯನ್ನು ಹತ್ತಿಸಿರುವುದನ್ನು ಹಲವೆಡೆ ಕಾಣಬಹುದು. ಸಾಕೆಟ್ ಗಡಿಯಾರದ ಹಿಂಬದಿಯಲ್ಲಿ, ಗೋಡೆಯೊಳಗಿನ ಪೆಟ್ಟಿಗೆಯಲ್ಲಿ ಇರಬೇಕು. ಎತ್ತರವನ್ನು ನಿರ್ಧರಿಸುವಾಗ ಕೊನೆಯ ಬೆಂಚಿನಲ್ಲಿ ಕುಳಿತ ಹಿರಿಯ ನಾಗರಿಕರಿಗೆ ಕಾಣುತ್ತದೆಯೇ ಎಂಬುದೇ ಅಳತೆಗೋಲು. ಅಂಕಿಗಳ ಗಾತ್ರದಲ್ಲಿ ಒಂದು ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ ದೂರದಿಂದ ನೋಡಿದರೆ ಸಾಕು, ಇದಕ್ಕೆ ತಜ್ಞರ ಅಭಿಪ್ರಾಯ ಬೇಕಾಗಿಲ್ಲ.

ವಿದ್ಯುತ್ತಿನ ಹಂಚಿಕೆ

ಈ ವ್ಯವಸ್ಥೆಗೆ ಐಇಇಇ ಸಂಸ್ಥೆಯ ಮೂರು ಮಾನಕಗಳಿವೆ. 2003ರ 802.3ಎಎಫ್ ಮಾನಕದಂತೆ ಸ್ವಿಚ್ಚಿನ ಒಂದು ಪೋರ್ಟ್ 15.4 ವ್ಯಾಟ್ ನೀಡುತ್ತದೆ, ತಂತಿಯಲ್ಲಿನ ನಷ್ಟ ಕಳೆದು ಉಪಕರಣಕ್ಕೆ 12.95 ವ್ಯಾಟ್ ಖಚಿತವಾಗಿ ದೊರೆಯುತ್ತದೆ. 2009ರ 802.3ಎಟಿ ಇದನ್ನು 30 ವ್ಯಾಟ್‌ಗೂ, 2018ರ 802.3ಬಿಟಿ 90 ವ್ಯಾಟ್‌ವರೆಗೂ ಏರಿಸಿವೆ. ಗೋಡೆ ಗಡಿಯಾರಕ್ಕೆ ಮೊದಲನೆಯದೇ ಧಾರಾಳ. ಹೆಚ್ಚಿನ ಮಾನಕದ ಸ್ವಿಚ್ ಕೊಂಡರೆ ಗಡಿಯಾರ ಹೆಚ್ಚು ಚೆನ್ನಾಗಿ ನಡೆಯುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಉಪಕರಣದ ವರ್ಗ. ಗಡಿಯಾರವು ತಾನು 1ನೇ ವರ್ಗದ್ದೆಂದು ಘೋಷಿಸಿಕೊಂಡರೆ ಸ್ವಿಚ್ ಅದಕ್ಕೆ 4 ವ್ಯಾಟ್ ಮೀಸಲಿಡುತ್ತದೆ, 2ನೇ ವರ್ಗವಾದರೆ 7 ವ್ಯಾಟ್. ಏನನ್ನೂ ಘೋಷಿಸದ ಗಡಿಯಾರವನ್ನು 0 ವರ್ಗವೆಂದು ಪರಿಗಣಿಸಿ ಪೂರ್ಣ 15.4 ವ್ಯಾಟ್ ಲೆಕ್ಕ ಹಿಡಿಯುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ವರ್ಗವೆಂಬುದು ಅನುದಾನದ ಮಂಜೂರಾತಿ, ನಿಜವಾಗಿ ಉರಿಯುವ ವ್ಯಾಟ್ ವೆಚ್ಚ. ವೆಚ್ಚವಾಗದ ಅನುದಾನವು ಒಂದು ಶಾಖೆಯಲ್ಲಿ ಸುಮ್ಮನೆ ಕುಳಿತಿದ್ದರೆ ಮತ್ತೊಂದು ಶಾಖೆಗೆ ಹಣವಿಲ್ಲವೆಂಬ ಉತ್ತರ ಹೋಗುತ್ತದೆ. ಮೀಸಲಿನ ಲೆಕ್ಕವನ್ನು ವರ್ಗದ ಆಧಾರದಲ್ಲಿ ಹಿಡಿಯುವ ಸ್ವಿಚ್ಚಿನಲ್ಲಿಯೂ ಹಾಗೆಯೇ.

ಮೂರು ಅಂತಸ್ತಿನ ಕಟ್ಟಡದಲ್ಲಿ ಅಂತಸ್ತಿಗೆ 12ರಂತೆ 36 ಗಡಿಯಾರಗಳಿವೆ ಎನ್ನೋಣ. ಎಲ್ಲವೂ 1ನೇ ವರ್ಗದವಾದರೆ ಪ್ರತಿ ಅಂತಸ್ತಿನ ಸ್ವಿಚ್ 48 ವ್ಯಾಟ್ ಮೀಸಲಿಟ್ಟರೆ ಸಾಕು. 0 ವರ್ಗದವಾದರೆ 184.8 ವ್ಯಾಟ್ ಬೇಕು. 24 ಪೋರ್ಟ್‌ಗಳ ಸ್ವಿಚ್ ಎಂದ ಮಾತ್ರಕ್ಕೆ ಇಪ್ಪತ್ತನಾಲ್ಕಕ್ಕೂ ಏಕಕಾಲಕ್ಕೆ ಪೂರ್ಣ ವಿದ್ಯುತ್ ನೀಡುತ್ತದೆ ಎಂದು ಭಾವಿಸಬಾರದು. ಹಾಗೆ ನೀಡಲು ಸುಮಾರು 370 ವ್ಯಾಟ್‌ನ ಒಟ್ಟು ಸಾಮರ್ಥ್ಯ ಬೇಕಾಗುತ್ತದೆ, ಅದರ ಅರ್ಧ ಸಾಮರ್ಥ್ಯದ ಸ್ವಿಚ್ಚುಗಳೂ ಅದೇ ಹೊರನೋಟದಲ್ಲಿ ಮಾರಾಟವಾಗುತ್ತವೆ. ಸಾಮಾನ್ಯವಾಗಿ ಅದೇ ಸ್ವಿಚ್ಚಿಗೆ ದೂರವಾಣಿಗಳು, ಸಿಸಿಟಿವಿ ಕ್ಯಾಮೆರಾಗಳು ಮತ್ತು ವೈ-ಫೈ ಸಾಧನಗಳೂ ಸೇರಿಕೊಳ್ಳುತ್ತವೆ. ಒಟ್ಟು ಸಾಮರ್ಥ್ಯ ಮೀರಿದಾಗ ಆದ್ಯತೆ ಕಡಿಮೆಯಿರುವ ಪೋರ್ಟ್‌ಗಳ ವಿದ್ಯುತ್ತನ್ನು ಸ್ವಿಚ್ ಕಡಿತಗೊಳಿಸುತ್ತದೆ. ಆದ್ದರಿಂದ ಸ್ವೀಕೃತಿ ಕೌಂಟರಿನ ಗಡಿಯಾರದ ಪೋರ್ಟಿಗೆ ಹೆಚ್ಚಿನ ಆದ್ಯತೆಯನ್ನು ನಿಗದಿಪಡಿಸಬೇಕು. ಮೆಟ್ಟಿಲ ಬಳಿಯ ಗಡಿಯಾರ ಸ್ವಲ್ಪ ಹೊತ್ತು ಆರಿದರೆ ಯಾರಿಗೂ ನಷ್ಟವಿಲ್ಲ.

ವಿದ್ಯುತ್ ನಿಲುಗಡೆಯ ಸಮಯದಲ್ಲಿ ಗಡಿಯಾರಗಳು ನಡೆಯುತ್ತಿರಬೇಕಾದರೆ ಸ್ವಿಚ್ಚುಗಳಿಗೆ ಯುಪಿಎಸ್ ಇರಬೇಕು. ಮೇಲಿನ ಉದಾಹರಣೆಯಲ್ಲಿ 36 ಗಡಿಯಾರಗಳಿಗೆ 144 ವ್ಯಾಟ್, ತಲಾ 40 ವ್ಯಾಟ್‌ನಂತೆ ಮೂರು ಸ್ವಿಚ್ಚುಗಳಿಗೆ 120 ವ್ಯಾಟ್ ಎಂದು ಹಿಡಿದರೆ ಒಟ್ಟು 264 ವ್ಯಾಟ್. ಎರಡು ಗಂಟೆಗಳ ಕಾಲ ನಡೆಸಲು 528 ವ್ಯಾಟ್-ಗಂಟೆ, ಅದರ ಮೇಲೆ ಯುಪಿಎಸ್‌ನ ನಷ್ಟ ಮತ್ತು ಬ್ಯಾಟರಿ ಹಳೆಯದಾಗುವುದಕ್ಕೆ ಸ್ವಲ್ಪ ಹೆಚ್ಚಿಗೆ. ಇದು ದೊಡ್ಡ ಮೊತ್ತವಲ್ಲ. ಆದರೆ ಸರ್ವರ್ ಕೊಠಡಿಗೆ ಮಾತ್ರ ಯುಪಿಎಸ್ ಕೊಟ್ಟು ಅಂತಸ್ತುಗಳ ಸ್ವಿಚ್ಚುಗಳನ್ನು ಸಾಧಾರಣ ಪ್ಲಗ್ಗಿಗೆ ಜೋಡಿಸಿದ್ದರೆ ಸರ್ವರ್ ನಡೆಯುತ್ತಿದ್ದರೂ ಗಡಿಯಾರಗಳೆಲ್ಲ ಆರುತ್ತವೆ.

ಸಮಯ ಎಲ್ಲಿಂದ ಬರಬೇಕು?

ಭಾರತೀಯ ಪ್ರಮಾಣ ಸಮಯವನ್ನು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಪರಮಾಣು ಗಡಿಯಾರಗಳ ಮೂಲಕ ಕಾಪಾಡಿಕೊಂಡು ಬರುತ್ತಿದೆ. ಸರ್ಟ್-ಇನ್ ಸಂಸ್ಥೆಯು ದಿನಾಂಕ 28-04-2022ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಸಂಬಂಧಪಟ್ಟವರೆಲ್ಲರೂ ತಮ್ಮ ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ಈ ಪ್ರಯೋಗಾಲಯದ ಅಥವಾ ಎನ್‌ಐಸಿಯ ಸಮಯ ಸರ್ವರ್‌ಗಳೊಡನೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡಿರುವ ಸರ್ವರ್‌ಗಳೊಡನೆ ಸರಿಹೊಂದಿಸಿಕೊಳ್ಳಬೇಕೆಂದು ಸೂಚಿಸಿದೆ. ಇದಲ್ಲದೆ ಪ್ರಮಾಣ ಸಮಯವನ್ನು ದೇಶದಾದ್ಯಂತ ವಿತರಿಸುವ ಕೇಂದ್ರ ಸರ್ಕಾರದ ಯೋಜನೆಗೆ ಆಯ್ಕೆಯಾಗಿರುವ ಐದು ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಬೆಂಗಳೂರಿನದೂ ಒಂದು.

ಕಟ್ಟಡದ ಪ್ರತಿಯೊಂದು ಗಡಿಯಾರವೂ ನೇರವಾಗಿ ಅಂತರಜಾಲಕ್ಕೆ ಹೋಗಿ ಸಮಯ ಕೇಳುವ ಏರ್ಪಾಡು ಒಳ್ಳೆಯದಲ್ಲ. ಕಟ್ಟಡದೊಳಗೆ ಒಂದು ಸಮಯ ಸರ್ವರ್ ಇರಿಸಿ, ಅದು ಮೇಲ್ಕಂಡ ಮೂಲಗಳಿಂದ ಸಮಯ ಪಡೆದು ಗಡಿಯಾರಗಳಿಗೂ ಸ್ವೀಕೃತಿ ಮುದ್ರಿಸುವ ಕಂಪ್ಯೂಟರ್‌ಗಳಿಗೂ ಹಂಚುವಂತೆ ಮಾಡಬೇಕು. ಆ ಸರ್ವರಿಗೆ ಮೂರು ಅಥವಾ ನಾಲ್ಕು ಮೂಲಗಳಿರುವುದು ಕ್ಷೇಮ. ಎರಡೇ ಇದ್ದು ಅವು ಭಿನ್ನವಾದರೆ ಯಾವುದು ಸರಿಯೆಂದು ತೀರ್ಮಾನಿಸಲು ಆಗುವುದಿಲ್ಲ. ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಆ ಸರ್ವರಿಗೆ ಮಾತ್ರ ತೆರೆದರೆ ಸಾಕು. ಸಂಪರ್ಕ ಒಂದು ವಾರ ಕಡಿದುಹೋದರೂ, ಮೊದಲೇ ಹೇಳಿದ ದಿನಕ್ಕೆ 1.7 ಸೆಕೆಂಡಿನ ಲೆಕ್ಕದಲ್ಲಿ, ಗಡಿಯಾರವು 12 ಸೆಕೆಂಡಿನಷ್ಟು ಮಾತ್ರ ತಪ್ಪುತ್ತದೆ.

ಎನ್‌ಟಿಪಿ ಮೂಲಕ ಬರುವುದು ಅಂತರರಾಷ್ಟ್ರೀಯ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಿ ತೋರಿಸಬೇಕಾದುದು ಗಡಿಯಾರದ ಕೆಲಸ. ಈ ಹೊಂದಾಣಿಕೆ ಅಳಿಸಿಹೋದಲ್ಲಿ ಬೆಳಿಗ್ಗೆ ಹತ್ತೂವರೆಗೆ ಗಡಿಯಾರವು 5 ಗಂಟೆ ಎಂದೂ, ಸಂಜೆ ಐದೂವರೆಗೆ 12 ಗಂಟೆ ಎಂದೂ ತೋರಿಸುತ್ತದೆ. ನಿಖರವಾಗಿ ಐದೂವರೆ ಗಂಟೆ ಹಿಂದಿರುವ ಗಡಿಯಾರ ಕೆಟ್ಟಿಲ್ಲ, ಅದರ ಹೊಂದಾಣಿಕೆ ಮಾತ್ರ ತಪ್ಪಿದೆ. ವಿದೇಶಗಳ ಬೇಸಿಗೆ ಸಮಯದ ನಿಯಮವು ಗಡಿಯಾರದಲ್ಲಿ ಮೊದಲೇ ಚಾಲ್ತಿಯಲ್ಲಿದ್ದರೆ ಅದನ್ನೂ ತೆಗೆದುಹಾಕಬೇಕು.

ಸುರಕ್ಷತೆ

ಸಾರ್ವಜನಿಕರು ಕುಳಿತುಕೊಳ್ಳುವ ಸಭಾಂಗಣದ ಗೋಡೆಯ ಮೇಲೆ ಕಚೇರಿಯ ಜಾಲದ ಒಂದು ಜೀವಂತ ತಂತಿಯನ್ನು ತಂದಿಡುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಗಡಿಯಾರ ಬಿಚ್ಚಿ ಆ ಜಾಗಕ್ಕೆ ಲ್ಯಾಪ್‌ಟಾಪ್ ಜೋಡಿಸಿದರೆ ಅರ್ಜಿದಾರರ ದಾಖಲೆಗಳವರೆಗೆ ದಾರಿ ಸಿಗಬಾರದು. ಗಡಿಯಾರಗಳಿಗೆ ಪ್ರತ್ಯೇಕ ವಿಲಾನ್ ಇರಿಸಿ, ಅಲ್ಲಿಂದ ಸಮಯ ಸರ್ವರ್ ಹಾಗೂ ನಿರ್ವಹಣೆಯ ಕಂಪ್ಯೂಟರ್ ಬಿಟ್ಟು ಬೇರೇನೂ ತಲುಪದಂತೆ ನಿರ್ಬಂಧಿಸಬೇಕು. ತಯಾರಕರು ಕೊಟ್ಟ ಮೂಲ ಗುಪ್ತಪದವನ್ನು ಅಳವಡಿಸಿದ ದಿನವೇ ಬದಲಾಯಿಸಬೇಕು.

ಕನ್ನಡ ಅಂಕಿಗಳ ಬಗ್ಗೆ

ಏಳು ಗೆರೆಗಳಿಂದ ಅಂಕಿ ರಚಿಸುವ ಡಿಜಿಟಲ್ ಗಡಿಯಾರಗಳಲ್ಲಿ ಕನ್ನಡ ಅಂಕಿಗಳನ್ನು ಮೂಡಿಸಲಾಗದು. ಮುಳ್ಳುಗಳಿರುವ ಜಾಲ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳನ್ನು ಮುದ್ರಿಸಬಹುದು. ಮುಳ್ಳಿನ ಗಡಿಯಾರವು ವಿದ್ಯುತ್ ಬಂದ ಮೇಲೆ ಸರಿಯಾದ ಸ್ಥಾನಕ್ಕೆ ತಿರುಗಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆಯಾದರೂ, ಕಾಯುವ ಸಭಾಂಗಣಗಳಿಗೆ ಇದೇ ಹೆಚ್ಚು ಸೂಕ್ತವೆಂಬುದು ಈ ಶಾಖೆಯ ಅಭಿಪ್ರಾಯ. ಓದು ಬಾರದವರಿಗೂ ಮುಳ್ಳಿನ ಸ್ಥಾನ ಅರ್ಥವಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದದ್ದು

ಅರ್ಜಿ ಸಲ್ಲಿಸಿದ ಕೂಡಲೇ ದಿನಾಂಕವಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಗಂಟೆಯ ಲೆಕ್ಕ ಅನ್ವಯವಾಗುವ ಕೋರಿಕೆಯಾದಲ್ಲಿ ಸಮಯವನ್ನೂ ನಮೂದಿಸುವಂತೆ ವಿನಂತಿಸಿ, ಕೌಂಟರ್ ಬಿಡುವ ಮೊದಲು ಓದಿ ನೋಡಿ. ಚೀಟಿಯ ಸಮಯಕ್ಕೂ ಗೋಡೆಯ ಗಡಿಯಾರಕ್ಕೂ ಒಂದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಂಡುಬಂದಲ್ಲಿ ಅಲ್ಲಿಯೇ ಮೇಲ್ವಿಚಾರಕರ ಗಮನಕ್ಕೆ ತನ್ನಿ, ಸಾಧ್ಯವಾದರೆ ಎರಡೂ ಸಮಯಗಳನ್ನು ನಿಮ್ಮ ಪ್ರತಿಯ ಮೇಲೆ ಬರೆದುಕೊಳ್ಳಿ. ಗಡಿಯಾರದ ಕೆಳಗೆ ಸಂಖ್ಯೆಯ ಚೀಟಿ ಅಂಟಿಸಿದ್ದರೆ ಆ ಸಂಖ್ಯೆಯನ್ನು ತಿಳಿಸಿ. ಅದು ಯಾವ ಅಂತಸ್ತಿನ ಯಾವ ಸ್ವಿಚ್ಚಿನ ಎಷ್ಟನೆಯ ಪೋರ್ಟಿಗೆ ಸೇರಿದೆ ಎಂಬುದು ನಿರ್ವಹಣಾ ವಹಿಯಲ್ಲಿ ದಾಖಲಾಗಿದ್ದರೆ, ಏಣಿ ತರದೆ ಕುಳಿತಲ್ಲಿಂದಲೇ ಆ ಪೋರ್ಟಿನ ವಿದ್ಯುತ್ತನ್ನು ಒಮ್ಮೆ ನಿಲ್ಲಿಸಿ ಪುನಃ ನೀಡಿ ಗಡಿಯಾರವನ್ನು ಹೊಸದಾಗಿ ಚಾಲನೆಗೊಳಿಸಬಹುದು.